ಹದಿನೈದು ವರ್ಷ ನಿಂತಿದೆ ಎಂಬುದು ಯಾವುದಕ್ಕೆ ಸಾಕ್ಷಿ?

ಕಲಬುರಗಿಯಲ್ಲಿ ಏಪ್ರಿಲ್ ಕೊನೆಯಿಂದ ಜೂನ್ ಆರಂಭದವರೆಗೆ, ಮಧ್ಯಾಹ್ನ ಬಿಸಿಲು ಏರಿ, ಸಂಜೆಗೆ ಧೂಳೆದ್ದು, ಹತ್ತು ನಿಮಿಷ ಗಾಳಿ ಅಬ್ಬರಿಸಿ, ನಾಲ್ಕು ಹನಿ ಬಿದ್ದು ಎಲ್ಲವೂ ತಣ್ಣಗಾಗುವ ದಿನಗಳಿರುತ್ತವೆ. ಅಂಥ ಸಂಜೆಯ ಮರುದಿನ ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಹಾರಿಹೋದ ಪತ್ರಾಸ್ ತಗಡಿನವು, ಇಲ್ಲವೇ ಬಾಗಿದ ಹೋರ್ಡಿಂಗಿನವು. ಗಾಳಿಗೆ ಮೊದಲೇ ಬರುವ ಕರೆ ಅಪರೂಪ. ಅಂಥದೊಂದು ಕರೆಗೆ ಓಗೊಟ್ಟು ಬಸ್ ನಿಲ್ದಾಣದ ಕಡೆಯ ಮೂರಂತಸ್ತಿನ ಅಂಗಡಿ ಕಟ್ಟಡವೊಂದರ ಮಾಳಿಗೆ ಹತ್ತಿದ್ದೆ. ಮೇಲೆ 20 ಅಡಿ ಎತ್ತರ, 30 ಅಡಿ ಅಗಲದ ಹೋರ್ಡಿಂಗ್ ಇತ್ತು. ಪರವಾನಗಿ ನವೀಕರಣಕ್ಕೆ ಎಂಜಿನಿಯರರ ಪ್ರಮಾಣಪತ್ರ ಬೇಕಾಗಿತ್ತು. ಮಾಲೀಕರು ಚಹಾ ತರಿಸಿ, "ಹದಿನೈದು ವರ್ಷದಿಂದ ನಿಂತದ ನೋಡ್ರಿ ಸಾಹೇಬ್ರ, ಒಂದ್ ಗಾಳಿಗೂ ಅಲ್ಲಾಡಿಲ್ಲ" ಎಂದರು.

ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಕೆಲ ವರ್ಷ ಸಮುದ್ರದ ತೈಲ ವೇದಿಕೆಗಳ ಲೆಕ್ಕ ಮಾಡಿ, ಆಮೇಲೆ ಗದಗ ಕಡೆಯ ಗಾಳಿಯಂತ್ರಗಳ ಟವರುಗಳನ್ನು ಹತ್ತಿಳಿದು ಊರಿಗೆ ಮರಳಿದವನು ನಾನು. ಅಲ್ಲಿಯೂ ಹಳೆಯ ರಚನೆಯೊಂದನ್ನು ಇನ್ನಷ್ಟು ವರ್ಷ ಬಳಸಬಹುದೇ ಎಂದು ನಿರ್ಧರಿಸುವಾಗ ಮೊದಲು ಮೇಜಿಗೆ ಬರುವ ವಾದ ಇದೇ. ವಾದದಲ್ಲಿ ಹುರುಳಿದೆ, ಆದರೆ ಎಷ್ಟು ಎಂಬುದನ್ನು ತೂಗಿ ನೋಡಬೇಕು.

ನಮ್ಮ ದೇಶದಲ್ಲಿ ಗಾಳಿಯ ಭಾರಕ್ಕೆ ಐಎಸ್ 875 ಎಂಬ ಭಾರತೀಯ ಮಾನಕ ಸಂಹಿತೆಯ ಮೂರನೇ ಭಾಗವೇ ಆಧಾರ. ಅದರ ನಕ್ಷೆ ದೇಶವನ್ನು 33ರಿಂದ 55 ಮೀಟರ್ ಪ್ರತಿ ಸೆಕೆಂಡಿನವರೆಗಿನ ಆರು ವಲಯಗಳಾಗಿ ಹಂಚುತ್ತದೆ. ಬೆಂಗಳೂರಿಗೆ 33, ಹೈದರಾಬಾದಿಗೆ 44. ಇಲ್ಲಿ ಉದಾಹರಣೆಗೆಂದು 44ನ್ನೇ ಹಿಡಿಯುತ್ತೇನೆ. ಗಂಟೆಗೆ ಸುಮಾರು 158 ಕಿಲೋಮೀಟರ್. ಇದು ದಿನವಿಡೀ ಬೀಸುವ ಗಾಳಿಯಲ್ಲ, ನೆಲದಿಂದ ಹತ್ತು ಮೀಟರ್ ಎತ್ತರದಲ್ಲಿ ಮೂರು ಸೆಕೆಂಡು ಬಡಿದು ಹೋಗುವ ಹೊಡೆತ. ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಪ್ರತಿ ಚದರ ಮೀಟರಿಗೆ ಎಷ್ಟು ನ್ಯೂಟನ್ ಒತ್ತಡ ಎಂಬುದು ಸಿಗುತ್ತದೆ. 44ಕ್ಕೆ ಅದು ಸುಮಾರು 1,160 ನ್ಯೂಟನ್, ಅಂದರೆ 118 ಕಿಲೋ ತೂಕದಷ್ಟು. ಮಾಲೀಕರ ಹೋರ್ಡಿಂಗಿನ ವಿಸ್ತೀರ್ಣಕ್ಕೂ ಚಪ್ಪಟೆ ಫಲಕದ ಆಕಾರಕ್ಕೆ ಹಚ್ಚುವ ಗುಣಾಂಕಕ್ಕೂ ಗುಣಿಸಿದಾಗ ಸುಮಾರು ಎಂಟು ಟನ್ ಬಂತು. ಎಂಬತ್ತು ಕ್ವಿಂಟಲ್ ತೊಗರಿಯನ್ನು ಆ ಫ್ಲೆಕ್ಸಿಗೆ ಅಡ್ಡಲಾಗಿ ಒರಗಿಸಿದಂತೆ ಎಂದಾಗ ಗಂಜಿನ ಧಾನ್ಯ ಮಾರುಕಟ್ಟೆಯಲ್ಲಿ ವ್ಯಾಪಾರ ಮಾಡಿದ್ದ ಅವರಿಗೆ ಲೆಕ್ಕ ತಟ್ಟನೆ ಹೊಳೆಯಿತು. 2024ರ ಮೇ 13ರಂದು ಮುಂಬೈಯ ಘಾಟ್‌ಕೋಪರ್‌ನಲ್ಲಿ ಪೆಟ್ರೋಲ್ ಬಂಕಿನ ಮೇಲೆ ಉರುಳಿ 17 ಜನರ ಜೀವ ತೆಗೆದ ಹೋರ್ಡಿಂಗಿನ ಅಳತೆ 120 ಅಡಿಗೆ 120 ಅಡಿ; ಆ ಊರಿನ ನಿಯಮದ ಮಿತಿ 40ಕ್ಕೆ 40. ವಿಸ್ತೀರ್ಣ ಒಂಬತ್ತು ಪಟ್ಟಾದರೆ ಗಾಳಿಯ ತಳ್ಳುವಿಕೆಯೂ ಒಂಬತ್ತು ಪಟ್ಟಾಗುತ್ತದೆ, ಬುಡದಲ್ಲಿ ಕಿತ್ತೆಳೆಯುವ ತಿರುಚು ಅದಕ್ಕಿಂತಲೂ ಹೆಚ್ಚು ಬೆಳೆಯುತ್ತದೆ.

ನಕ್ಷೆಯ ಈ ವೇಗವನ್ನು ಐವತ್ತು ವರ್ಷಕ್ಕೊಮ್ಮೆ ಬರುವ ಗಾಳಿ ಎನ್ನುತ್ತಾರೆ, ಮತ್ತು ಈ ಹೆಸರೇ ಅರ್ಧ ತಪ್ಪು ತಿಳಿವಳಿಕೆಗೆ ಕಾರಣ. ಗಾಳಿ ಪಂಚಾಂಗ ನೋಡಿಕೊಂಡು ಬರುವುದಿಲ್ಲ. ಯಾವುದೇ ಒಂದು ವರ್ಷದಲ್ಲಿ ಆ ವೇಗ ಮೀರುವ ಸಾಧ್ಯತೆ ನೂರಕ್ಕೆ ಎರಡು ಎಂಬುದಷ್ಟೇ ಅದರ ಅರ್ಥ. ಹಾಗೆ ಲೆಕ್ಕ ಹಾಕಿದರೆ ಐವತ್ತು ವರ್ಷಗಳಲ್ಲಿ ಒಮ್ಮೆಯಾದರೂ ಮೀರುವ ಸಾಧ್ಯತೆ ನೂರಕ್ಕೆ 64. ಹದಿನೈದು ವರ್ಷಗಳಲ್ಲಿ ಒಮ್ಮೆಯೂ ಮೀರದಿರುವ ಸಾಧ್ಯತೆ ನೂರಕ್ಕೆ 74. ಅಂದರೆ ಮಾಲೀಕರ ಹೋರ್ಡಿಂಗ್ ಇಷ್ಟು ವರ್ಷ ನಿಂತಿರುವುದಕ್ಕೆ ಅದರ ಗಟ್ಟಿತನವೇ ಕಾರಣವಾಗಬೇಕಿಲ್ಲ, ಪರೀಕ್ಷೆಯ ದಿನ ಇನ್ನೂ ಬಂದಿಲ್ಲದಿರಬಹುದು.

ನಿಂತಿರುವುದು ಸಾಕ್ಷಿಯಾಗಬೇಕಾದರೆ ಎರಡು ಸಂಗತಿ ಗೊತ್ತಿರಬೇಕು: ಇದುವರೆಗೆ ಬಂದ ಹೊಡೆತ ಎಷ್ಟು, ಮತ್ತು ಹೊಡೆತ ತಡೆದ ವಸ್ತು ಇಂದಿಗೂ ಅಂದಿನಂತೆಯೇ ಇದೆಯೇ. ಮೊದಲನೆಯದನ್ನು ಸಮುದ್ರದವರು ಶ್ರದ್ಧೆಯಿಂದ ಮಾಡುತ್ತಾರೆ. ಮೆಕ್ಸಿಕೋ ಕೊಲ್ಲಿಯಲ್ಲಿ 1992ರ ಆಂಡ್ರೂ ಚಂಡಮಾರುತದ ಬಳಿಕವೂ, 2005ರಲ್ಲಿ ಕತ್ರೀನಾ ಮತ್ತು ರೀಟಾ ಸೇರಿ ನೂರಕ್ಕೂ ಹೆಚ್ಚು ವೇದಿಕೆಗಳನ್ನು ಉರುಳಿಸಿದ ಬಳಿಕವೂ, ಬಿದ್ದವುಗಳ ಜೊತೆಗೆ ನಿಂತವುಗಳನ್ನೂ ಅಭ್ಯಾಸ ಮಾಡಿದರು. ಆಯಾ ಜಾಗದಲ್ಲಿ ಎದ್ದ ಅಲೆಯ ಎತ್ತರವನ್ನು ಹಿಂದಕ್ಕೆ ಹೋಗಿ ಲೆಕ್ಕ ಹಾಕಿ, ಕಾಗದದ ಮೇಲೆ ಬೀಳಬೇಕಾಗಿದ್ದ ವೇದಿಕೆ ನಿಜದಲ್ಲಿ ನಿಂತಿದ್ದರೆ ಲೆಕ್ಕದ ಕ್ರಮವನ್ನೇ ತಿದ್ದಿಕೊಂಡರು. ನಮ್ಮ ಕಡೆಯ ಅಡ್ಡಮಳೆಯ ಗಾಳಿಗೆ ಆ ಅನುಕೂಲವಿಲ್ಲ. ಗುಡುಗುಮೋಡದಿಂದ ಕೆಳಗೆ ಕುಸಿದು ನೆಲದ ಮೇಲೆ ಹರಡುವ ಆ ಗಾಳಿ ಕೆಲವೇ ಕಿಲೋಮೀಟರಿನ ಪಟ್ಟಿಯಲ್ಲಿ ಬಡಿದು ಮುಗಿಯುತ್ತದೆ. ಹವಾಮಾನ ಕೇಂದ್ರದ ಮಾಪಕ ಆ ಪಟ್ಟಿಯಿಂದ ಹೊರಗಿದ್ದರೆ ಅದರ ಸುಳಿವೂ ಸಿಗುವುದಿಲ್ಲ. ಜೊತೆಗೆ ಸುತ್ತಲಿನ ಕಟ್ಟಡಗಳೂ ಲೆಕ್ಕ ಬದಲಿಸುತ್ತವೆ. ಇಂಗ್ಲೆಂಡಿನ ಫೆರಿಬ್ರಿಜ್ ವಿದ್ಯುತ್ ಸ್ಥಾವರದಲ್ಲಿ 1965ರ ನವೆಂಬರ್ 1ರಂದು ಎಂಟು ಶೀತಲ ಗೋಪುರಗಳಲ್ಲಿ ಮೂರು ಕುಸಿದಾಗ, ಬಿದ್ದವು ಗಾಳಿಗೆ ಎದುರಾಗಿದ್ದ ಸಾಲಿನವಲ್ಲ, ಅವುಗಳ ಮರೆಯಲ್ಲಿದ್ದ ಹಿಂದಿನ ಸಾಲಿನವು.

ಎರಡನೆಯ ಸಂಗತಿ ಇನ್ನೂ ಕಠಿಣ. ಉತ್ತರ ಸಮುದ್ರದ ಎಕೋಫಿಸ್ಕ್ ತೈಲಕ್ಷೇತ್ರದಲ್ಲಿ ಅಲೆಕ್ಸಾಂಡರ್ ಕೀಲ್ಯಾಂಡ್ ಎಂಬ ಐದು ಕಾಲಿನ ತೇಲುವ ವಸತಿ ವೇದಿಕೆ 1980ರ ಮಾರ್ಚ್ 27ರ ಸಂಜೆ ಮಗುಚಿಬಿತ್ತು. ಮೇಲಿದ್ದ 212 ಜನರಲ್ಲಿ 123 ಜನ ಸತ್ತರು. ಅಂದಿನ ಬಿರುಗಾಳಿ ಆ ಸಮುದ್ರಕ್ಕೆ ಹೊಸದೇನಲ್ಲ. 1976ರಲ್ಲಿ ಕೆಲಸಕ್ಕಿಳಿದ ವೇದಿಕೆ ಅಂಥ ಚಳಿಗಾಲಗಳನ್ನು ಕಂಡಿತ್ತು. ತನಿಖೆಯಲ್ಲಿ ಸಿಕ್ಕ ಮೂಲ ಒಂದು ಸಣ್ಣ ವೆಲ್ಡಿಂಗ್. ನೀರಿನೊಳಗಿನ ಶಬ್ದ ಹಿಡಿಯುವ ಉಪಕರಣವನ್ನು ಕೂರಿಸಲು ಒಂದು ಅಡ್ಡತೊಲೆಗೆ ಮಾಡಿದ್ದ, ಕೇವಲ 6 ಮಿಲಿಮೀಟರ್ ದಪ್ಪದ ಬೆಸುಗೆ ಅದು. ಅಲ್ಲಿ ಹುಟ್ಟಿದ ಬಿರುಕು ಅಲೆಯಿಂದ ಅಲೆಗೆ ಬೆಳೆದು ತೊಲೆಯನ್ನು ಕತ್ತರಿಸಿತು, ಆ ಕಾಲಿಗೆ ಆಸರೆಯಾಗಿದ್ದ ಉಳಿದ ತೊಲೆಗಳೂ ಒಂದರ ಹಿಂದೊಂದು ಮುರಿದವು, ಕಾಲು ಕಳಚಿತು. ಬಿರುಕಿನೊಳಗೆ ಬಣ್ಣದ ಕುರುಹು ಸಿಕ್ಕಿತ್ತು, ಅಂದರೆ ಕಾರ್ಖಾನೆಯಲ್ಲಿ ಬಣ್ಣ ಬಳಿಯುವ ಹೊತ್ತಿಗೇ ಅದು ಅಲ್ಲಿತ್ತು. ನಾಲ್ಕು ವರ್ಷ ಅದು ನಿಂತದ್ದು ಬಿರುಕನ್ನು ಒಳಗಿಟ್ಟುಕೊಂಡೇ.

ಲೋಹದ ಈ ದಣಿವಿಗೆ ಬಿರುಗಾಳಿಯೇ ಬೇಕೆಂದಿಲ್ಲ. ನಿಮಿಷಕ್ಕೆ 15 ಸುತ್ತು ತಿರುಗುವ ಗಾಳಿಯಂತ್ರ ವರ್ಷವಿಡೀ ನಿಲ್ಲದಿದ್ದರೆ 78 ಲಕ್ಷಕ್ಕೂ ಹೆಚ್ಚು ಸುತ್ತು ಹಾಕುತ್ತದೆ, ಪ್ರತಿ ಸುತ್ತಿಗೂ ಮೂರು ರೆಕ್ಕೆಗಳು ಟವರಿನ ಮುಂದೆ ಹಾದು ಹೋಗುತ್ತವೆ. ಬೆಸುಗೆಯ ಜಾಗದಲ್ಲಿ ಏರಿಳಿಯುವ ಒತ್ತಡ ಎರಡು ಪಟ್ಟಾದರೆ ಆಯುಷ್ಯ ಅರ್ಧವಾಗುವುದಿಲ್ಲ, ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಟವರಿನ ಬೋಲ್ಟುಗಳನ್ನು ಅಳೆದು ಬಿಗಿ ಮಾಡುವುದಕ್ಕೆ ನಾವು ಅಷ್ಟು ತಲೆ ಕೆಡಿಸಿಕೊಳ್ಳುವುದು ಇದಕ್ಕೇ: ಬಿಗಿ ಸಡಿಲಿದ ಬೋಲ್ಟು ಮೊದಲು ತನಗೆ ತಟ್ಟದಿದ್ದ ಏರಿಳಿತವನ್ನೆಲ್ಲ ತಾನೇ ಹೊರತೊಡಗುತ್ತದೆ.

ಮಾಳಿಗೆಯ ಮೇಲೆ ನಾನು ಮೊದಲು ಕೂತದ್ದೂ ಬೋಲ್ಟಿನ ಹತ್ತಿರವೇ. ಬೇಸ್ ಪ್ಲೇಟಿನ ಸುತ್ತ ಮಳೆನೀರು ನಿಂತು ಕಲೆಗಟ್ಟಿತ್ತು. ಮೇಲಿನ ಬಣ್ಣ ಹೊಸದು, ಅದರ ಕೆಳಗೆ ತುಕ್ಕು ಪದರ ಪದರವಾಗಿ ಎದ್ದಿತ್ತು. ಸುತ್ತಿಗೆಯಿಂದ ತಟ್ಟಿದರೆ ಎರಡು ಬೋಲ್ಟುಗಳು ಠಣ್ ಎಂದವು, ಒಂದು ಬೊದ್ದು ದನಿ ಕೊಟ್ಟಿತು. ಅದರ ಪೊರೆ ಕೆರೆದು ಕ್ಯಾಲಿಪರ್ ಹಿಡಿದಾಗ 20 ಮಿಲಿಮೀಟರಿನ ಬೋಲ್ಟು ಕುತ್ತಿಗೆಯಲ್ಲಿ 14ಕ್ಕೆ ಇಳಿದಿತ್ತು. ವ್ಯಾಸದಲ್ಲಿ ಆರು ಮಿಲಿಮೀಟರ್ ಹೋದರೆ ಉಳಿದ ಲೋಹ ಅರ್ಧಕ್ಕಿಂತ ಕಡಿಮೆ. ಭಾರ ವೇಗದ ವರ್ಗದೊಂದಿಗೆ ಏರುವುದರಿಂದ, ಅರ್ಧ ಶಕ್ತಿಗೆ ಇಳಿದ ಬೋಲ್ಟು ತಡೆಯುವ ವೇಗ 44ರಿಂದ 31 ಮೀಟರಿಗೆ ಬರುತ್ತದೆ. 44ರ ವಲಯದಲ್ಲಿ ಐದು ವರ್ಷ ಮಾತ್ರ ಬಾಳುವ ತಾತ್ಕಾಲಿಕ ಶೆಡ್ಡಿಗೆ ಸಂಹಿತೆ ಹಿಡಿಯುವ ವೇಗ 32! ಸುರಕ್ಷತೆಗೆಂದು ಭಾರವನ್ನು ಒಂದೂವರೆ ಪಟ್ಟು ಹಿಡಿದಿರುತ್ತಾರಲ್ಲ ಎಂದು ನೀವು ಕೇಳಬಹುದು. ಭಾರದಲ್ಲಿ ಒಂದೂವರೆ ಪಟ್ಟು ಎಂದರೆ ವೇಗದಲ್ಲಿ ನೂರಕ್ಕೆ 22 ಮಾತ್ರ ಹೆಚ್ಚು, ಮತ್ತು ಆ ಹೆಚ್ಚಳ ಇರುವುದು ಲೆಕ್ಕದ, ಸಾಮಗ್ರಿಯ ಏರುಪೇರಿಗೆ. ಅದನ್ನು ತುಕ್ಕಿಗೆ ಬಿಟ್ಟುಕೊಟ್ಟರೆ ಉಳಿದದ್ದಕ್ಕೆ ಏನೂ ಇರುವುದಿಲ್ಲ.

ಎಷ್ಟು ಅಪಾಯವನ್ನು ಒಪ್ಪಬಹುದು ಎಂಬುದು ಕೆಳಗೆ ಯಾರು ನಿಂತಿದ್ದಾರೆ ಎಂಬುದರ ಮೇಲೆ ನಿಂತಿದೆ. ಯುರೋಪಿನ ಸಂಹಿತೆ ಸಾಮಾನ್ಯ ಕಟ್ಟಡಗಳಿಗೆ ಇಟ್ಟುಕೊಂಡಿರುವ ಗುರಿ, ಐವತ್ತು ವರ್ಷಗಳಲ್ಲಿ ಲಕ್ಷಕ್ಕೆ ಸುಮಾರು ಏಳು ವೈಫಲ್ಯ. ಗಾಳಿಯಂತ್ರಗಳ ಅಂತರರಾಷ್ಟ್ರೀಯ ಮಾನದಂಡ ವರ್ಷಕ್ಕೆ ಹತ್ತು ಸಾವಿರದಲ್ಲಿ ಐದರವರೆಗೆ ಒಪ್ಪುತ್ತದೆ, ಏಕೆಂದರೆ ಬಿರುಗಾಳಿಯ ಹೊತ್ತಿನಲ್ಲಿ ಯಂತ್ರದ ಬುಡದಲ್ಲಿ ಜನ ಇರುವುದು ಕಡಿಮೆ. ನಮ್ಮ ಸಂಹಿತೆಯೂ ಕಾಡಿನಲ್ಲಿ ಒಂಟಿಯಾಗಿ ನಿಂತ ಟವರಿಗೆ ಇಪ್ಪತ್ತೈದು ವರ್ಷದ ಗಾಳಿ ಸಾಕು ಎನ್ನುತ್ತದೆ. ಆ ರಿಯಾಯಿತಿಯನ್ನು ಹೋರ್ಡಿಂಗುಗಳಿಗೂ ಹಚ್ಚಿದ ಲೆಕ್ಕಪತ್ರಗಳನ್ನು ನಾನು ಕಂಡಿದ್ದೇನೆ. ಈ ಹೋರ್ಡಿಂಗಿನ ಕೆಳಗೆ ಮಿರ್ಚಿ ಭಜಿಯ ಬಂಡಿ ಇತ್ತು, ಆಳಂದ ಬಸ್ಸಿಗೆ ಕಾಯುವವರು ಅದೇ ನೆರಳಿನಲ್ಲಿ ಕೂತಿದ್ದರು.

ಎಲ್ಲ ಬೋಲ್ಟುಗಳನ್ನೂ ಬದಲಿಸಿ, ಬೇಸ್ ಪ್ಲೇಟಿನ ಸುತ್ತ ನೀರು ನಿಲ್ಲದಂತೆ ಇಳಿಜಾರು ಮಾಡಿಸಿ, ಒಂದು ಬೋಲ್ಟು ಹೋದರೂ ಉಳಿದವು ಹಿಡಿಯುವಂತೆ ಹಿಂದಿನಿಂದ ಎರಡು ಆಂಗಲ್ ಆಸರೆ ಕೊಡಿಸಿದ ಮೇಲೆಯೇ ಸಹಿ ಮಾಡುತ್ತೇನೆ ಎಂದೆ. ಮಾಲೀಕರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೊನೆಗೆ ಒಪ್ಪಿ, "ಹಂಗಾದ್ರ ಇನ್ನ ಎಷ್ಟು ವರ್ಷ ನಿಲ್ತದ ಹೇಳ್ರಿ" ಎಂದರು. ಪ್ರಮಾಣಪತ್ರದ ನಮೂನೆಯಲ್ಲಿ ಸುರಕ್ಷಿತ ಅಥವಾ ಅಸುರಕ್ಷಿತ ಎಂಬ ಎರಡೇ ಖಾನೆಗಳಿವೆ. ಕೆಲಸ ಮುಗಿದ ಮೇಲೆ ಮೊದಲನೆಯದಕ್ಕೆ ಗುರುತು ಹಾಕಿ, ಪಕ್ಕದ ಖಾಲಿ ಜಾಗದಲ್ಲಿ ಅಳೆದ ಬೋಲ್ಟಿನ ವ್ಯಾಸವನ್ನೂ, ಮುಂದಿನ ತಪಾಸಣೆ ಬರುವ ಮಾರ್ಚ್ 31ರೊಳಗೆ ಆಗಬೇಕೆಂಬುದನ್ನೂ ಕೈಯಿಂದ ಬರೆದುಕೊಟ್ಟೆ.