ಇಂಟರ್ನಿಸ್ಟ್ ಎಂದರೆ ಇಂಟರ್ನ್ ಅಲ್ಲ

ಅಮೆರಿಕದಲ್ಲಿರುವ ಮಗಳು ಇಂಟರ್ನಿಸ್ಟ್ ಒಬ್ಬರಿಗೆ ತೋರಿಸಿಕೊಳ್ಳುತ್ತಿದ್ದೇನೆ ಎಂದಾಗ ಧಾರವಾಡದ ತಾಯಿ "ಇನ್ನೂ ಕಲಿಯೋ ಹುಡುಗ್ರ ಕಡೆ ಯಾಕ ತೋರಸ್ತೀಯವಾ?" ಎಂದು ಗಾಬರಿಯಾದರೆ ಅದು ಸಹಜ. ಆದರೆ ಆರೋಗ್ಯದ ವಿಷಯ ಬರೆಯುವವರೇ ಆ ಪದವನ್ನು ಮತ್ತೆ ಮತ್ತೆ 'ತರಬೇತಿ ವೈದ್ಯ' ಎಂದು ಕನ್ನಡಿಸುತ್ತ ಹೋದರೆ ಸುಮ್ಮನಿರುವುದು ಕಷ್ಟ.

ಎಂಬಿಬಿಎಸ್‌ನ ನಾಲ್ಕೂವರೆ ವರ್ಷದ ಓದು ಮುಗಿಸಿ ಒಂದು ವರ್ಷದ ಕಡ್ಡಾಯ ತರಬೇತಿಯಲ್ಲಿರುವವರು ಇಂಟರ್ನ್. ಹುಬ್ಬಳ್ಳಿಯ ಕಿಮ್ಸ್ ವಾರ್ಡುಗಳಲ್ಲಿ ಇವರೇ ಹೌಸ್ ಸರ್ಜನ್. ಅದೆಲ್ಲ ಮುಗಿದ ಮೇಲೆ ಜನರಲ್ ಮೆಡಿಸಿನ್‌ನಲ್ಲಿ ಮೂರು ವರ್ಷದ ಎಂ.ಡಿ. ಮಾಡಿ ನಮ್ಮಲ್ಲಿ ಫಿಜಿಶಿಯನ್ ಎನಿಸಿಕೊಳ್ಳುವ ತಜ್ಞರನ್ನೇ ಅಮೆರಿಕದವರು ಇಂಟರ್ನಿಸ್ಟ್ ಎನ್ನುತ್ತಾರೆ. ಎರಡೂ ಪದಗಳ ಬೇರು 'ಒಳಗಿನ' ಎಂಬರ್ಥದ ಲ್ಯಾಟಿನ್ ಪದವೇ ಆದರೂ ಅವು ಬಂದ ದಾರಿ ಬೇರೆ. ಪ್ಯಾರಿಸ್ಸಿನ ಆಸ್ಪತ್ರೆಗಳು 1802ರಿಂದ ಪರೀಕ್ಷೆ ನಡೆಸಿ ಆರಿಸಿಕೊಂಡು ಆಸ್ಪತ್ರೆಯೊಳಗೇ ಇರಿಸಿಕೊಳ್ಳುತ್ತಿದ್ದ ಕಿರಿಯರು ಇಂಟರ್ನ್‌ಗಳು. ಇಂಟರ್ನಿಸ್ಟ್‌ನ ಹಿಂದಿರುವುದು ಜರ್ಮನರ 'ಇನ್ನೆರೆ ಮೆಡಿಟ್ಸೀನ್', ಅಂದರೆ ಒಳಗಿನ ವೈದ್ಯಶಾಸ್ತ್ರ. ರೋಗಲಕ್ಷಣಕ್ಕಷ್ಟೇ ಮದ್ದು ಕೊಡದೆ, ಒಳಗಿನ ಅಂಗಗಳಲ್ಲಿ ಏನು ಕೆಟ್ಟಿದೆ ಎಂಬುದನ್ನು ಶರೀರಕ್ರಿಯೆ ಮತ್ತು ಪ್ರಯೋಗಾಲಯದ ಆಧಾರದ ಮೇಲೆ ಹುಡುಕಬೇಕೆಂಬ ವೈದ್ಯರು 1882ರಲ್ಲಿ ಜರ್ಮನಿಯ ವೀಸ್‌ಬಾಡೆನ್‌ನಲ್ಲಿ ಈ ಹೆಸರಿನಲ್ಲೇ ತಮ್ಮ ಮೊದಲ ಸಮ್ಮೇಳನ ನಡೆಸಿದರು. ಒಬ್ಬರು ಆಸ್ಪತ್ರೆಯ ಒಳಗಿನವರು, ಇನ್ನೊಬ್ಬರು ದೇಹದ ಒಳಗನ್ನು ಬಲ್ಲವರು. (ಆ ಒಳಗನ್ನು ಕೊಯ್ದು ನೋಡುವವರು ಮಾತ್ರ ಸರ್ಜನ್, ಇಂಟರ್ನಿಸ್ಟ್ ಚಾಕು ಹಿಡಿಯುವುದಿಲ್ಲ.)

'ಎಂ.ಡಿ. ಡಾಕ್ಟರ್' ಎಂದರೆ ಸಾಕು ಎಂಬ ನಮ್ಮೂರ ರೂಢಿಯೂ ಅಷ್ಟೇ ಅಸ್ಪಷ್ಟ. ಮಕ್ಕಳ ವೈದ್ಯರೂ ಎಂ.ಡಿ., ಲ್ಯಾಬಿನಲ್ಲಿ ಕುಳಿತ ಪೆಥಾಲಜಿಸ್ಟರೂ ಎಂ.ಡಿ. ಬೋರ್ಡಿನಲ್ಲಿ ಆ ಅಕ್ಷರಗಳ ಮುಂದೆ ಏನಿದೆ ಎಂದು ಓದಬೇಕು.

ಇಂಟರ್ನಿಸ್ಟರ ಕೆಲಸವೇನೆಂದರೆ, ವಯಸ್ಕರ ದೇಹವನ್ನು ಇಡಿಯಾಗಿ ನೋಡುವುದು. ಸಕ್ಕರೆ ಕಾಯಿಲೆ, ಬಿಪಿ, ಮೊಣಕಾಲು ನೋವು ಮೂರೂ ಇರುವವರು ಮೂವರು ವೈದ್ಯರ ಚೀಟಿಗಳನ್ನು ಕೈಚೀಲದಲ್ಲಿ ತಂದು ಗುಳಿಗೆಗಳನ್ನೆಲ್ಲ ಮೇಜಿನ ಮೇಲೆ ಸುರಿದಾಗ, ನೋವಿನ ಗುಳಿಗೆಯೇ ಬಿಪಿಯನ್ನು ಏರಿಸಿ ಮೂತ್ರಪಿಂಡವನ್ನು ಕೆಡಿಸುತ್ತಿರಬಹುದೆಂದು ಊಹಿಸಿ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸುವವರು ಇವರು. ಮೂತ್ರಪಿಂಡ ಸೋತಿದ್ದರೆ ಸಕ್ಕರೆ ಕಾಯಿಲೆಯ ಗುಳಿಗೆಯಾದ ಮೆಟ್‌ಫಾರ್ಮಿನ್‌ನ ಪ್ರಮಾಣ ತಗ್ಗಿಸುವುದೋ ನಿಲ್ಲಿಸುವುದೋ ಎಂದು ತೀರ್ಮಾನಿಸುವವರೂ ಇವರೇ. ವಾರ ಕಳೆದರೂ ಇಳಿಯದ ಜ್ವರದಲ್ಲಿ, ಡೆಂಗಿ, ಟೈಫಾಯ್ಡ್ ರಿಪೋರ್ಟುಗಳಲ್ಲಿ ಏನೂ ಸಿಗದಿದ್ದಾಗ, ಅಂಗಿ ತೆಗೆಸಿ ಕಂಕುಳನ್ನೂ ತೊಡೆಸಂದನ್ನೂ ನೋಡಿ, ಸುಟ್ಟ ಗಾಯದಂಥ ಕಪ್ಪು ಹಕ್ಕಳೆ ಕಂಡೊಡನೆ ಸಣ್ಣ ಹುಳುವಿನ ಕಡಿತದಿಂದ ಬರುವ ಸ್ಕ್ರಬ್ ಟೈಫಸ್ ಜ್ವರ ಎಂದು ಗುರುತಿಸಿ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಶುರು ಮಾಡುವುದೂ ಇದೇ ವಿದ್ಯೆ. ರೋಗಿಗೆ ನೋವಾಗದ, ಕೆರೆಯದ ಆ ಕಲೆಯನ್ನು ಅವರಾಗಿ ಯಾರೂ ತೋರಿಸುವುದಿಲ್ಲ.

ಹೃದಯ, ಮೂತ್ರಪಿಂಡ, ನರಗಳ ತಜ್ಞರಲ್ಲಿ ಬಹುತೇಕರು ಮೊದಲು ಇದೇ ಎಂ.ಡಿ. ಮಾಡಿ ಆಮೇಲೆ ಡಿ.ಎಂ. ಎಂಬ ಮೇಲಿನ ಪದವಿಗೆ ಹೋದವರು. ಹಾಗೆಂದು ಫಿಜಿಶಿಯನ್‌ರನ್ನು ದೊಡ್ಡ ಡಾಕ್ಟರಿಗೆ ಚೀಟಿ ಬರೆದುಕೊಡುವವರೆಂದು ತಿಳಿಯುವುದು ತಪ್ಪು. ಹರ್ನಿಯಾ ಆಪರೇಷನ್ನಿಗೆ ಮುನ್ನ ಸರ್ಜನ್ನರೇ ರೋಗಿಯನ್ನು 'ಫಿಟ್‌ನೆಸ್' ತರಲು ಕಳಿಸುವುದು ಇವರಲ್ಲಿಗೆ, ಸಕ್ಕರೆ ಹತೋಟಿಗೆ ಬರುವತನಕ ಆಪರೇಷನ್ ಮುಂದೂಡಿ ಎಂದು ಇವರು ಬರೆದರೆ ಅದು ಸಾಮಾನ್ಯವಾಗಿ ಮುಂದಕ್ಕೇ ಹೋಗುತ್ತದೆ.