ಸೆಲ್ ಚಿಕ್ಕದು ಮಾಡಿದರೆ ನೆಲ ಜಾಸ್ತಿ ಕಾಣುವುದಿಲ್ಲ

"ಸರ್, ನಮ್ಮ ಹತ್ತಿರ 5 ಮೀಟರ್ ಡಿಇಎಂ ಇದೆ" ಎಂದು ಯಾರಾದರೂ ಬಂದರೆ, ಅದು ಎಲ್ಲಿಂದ ಬಂತು ಅಂತ ಮೊದಲು ಕೇಳುತ್ತೇನೆ. ಡಿಇಎಂ ಅಂದರೆ ನೆಲವನ್ನು ಸೆಲ್ ಎಂಬ ಚೌಕಗಳಾಗಿ ಹಂಚಿ, ಒಂದೊಂದಕ್ಕೂ ಒಂದು ಎತ್ತರ ಕೊಟ್ಟ ಡಿಜಿಟಲ್ ನಕ್ಷೆ. 5 ಮೀಟರ್ ಅನ್ನುವುದು ಆ ಚೌಕದ ಬದಿ. ಎಷ್ಟೋ ಸಲ ಸಿಗುವ ಉತ್ತರ ಒಂದೇ. 30 ಮೀಟರಿನದನ್ನು ರೀಸ್ಯಾಂಪಲ್ ಮಾಡಿ, ಅಂದರೆ ಇದ್ದ ಎತ್ತರಗಳನ್ನೇ ಹೊಸ ಅಳತೆಯ ಸೆಲ್ಲುಗಳಿಗೆ ತುಂಬಿ, 5 ಮೀಟರ್ ಮಾಡಿದ್ದು.

5 ಮೀಟರ್ ಆಗಿದ್ದು ಸೆಲ್ಲಿನ ಅಳತೆ ಮಾತ್ರ. 30 ಮೀಟರಿನ ಒಂದು ಸೆಲ್ ಅಂದರೆ 900 ಚದರ ಮೀಟರ್ ನೆಲಕ್ಕೆ ಒಂದೇ ಎತ್ತರ. ಅದನ್ನು 36 ಚೂರು ಮಾಡಿದರೂ ನಮ್ಮ ಕೈಲಿರುವುದು ಅದೇ ಒಂದು ಸಂಖ್ಯೆ. ಎಲ್ಲರೂ ಬಳಸುವ ಎಸ್‌ಆರ್‌ಟಿಎಂ ಎಂಬ ಎತ್ತರದ ಡೇಟಾವನ್ನೇ ನೋಡಿ. 2000ದ ಫೆಬ್ರವರಿಯಲ್ಲಿ ಗಗನನೌಕೆಯ ರೇಡಾರ್ ಅಳೆದದ್ದು ಅದು. ದಟ್ಟ ಕಾಡಿದ್ದ ಕಡೆ ಅದಕ್ಕೆ ಸಿಕ್ಕಿದ್ದು ಹೆಚ್ಚಾಗಿ ಮರಗಳ ಮೇಲ್ಭಾಗದ ಎತ್ತರ, ನೆಲದ್ದಲ್ಲ. ಆಗ ಕಾಣದ ನೆಲವನ್ನು ಇವತ್ತು ನಮ್ಮ ಕಂಪ್ಯೂಟರ್ ಹೇಗೆ ತೋರಿಸುತ್ತದೆ?

ಯುವ ಎಂಜಿನಿಯರ್ ಒಬ್ಬರು ಇಳಿಜಾರಿನ ನಕ್ಷೆ ತಂದಿದ್ದರು. ಕಾಲುವೆ ಎಲ್ಲಿ ತೆಗೆಯಬೇಕು ಎಂದು ನೋಡಬೇಕಿತ್ತು. ನಕ್ಷೆ ತುಂಬ ಬಲೆ ಹಾಸಿದ ಹಾಗೆ ಚೌಕ ಚೌಕ. ಎರಡು ರಾತ್ರಿ ಕೂತಿದ್ದರಂತೆ, ಪಾಪ. "ಸಾಫ್ಟ್‌ವೇರ್ ಕೆಟ್ಟಿದೆಯಾ ಸರ್?" ಅಂದರು. ಕೆಟ್ಟಿರಲಿಲ್ಲ. ನಿಯರೆಸ್ಟ್ ನೈಬರ್ ವಿಧಾನದಲ್ಲಿ, ಅಂದರೆ ಹತ್ತಿರದ ಹಳೆಯ ಸೆಲ್ಲಿನ ಎತ್ತರವನ್ನೇ ನಕಲು ಮಾಡಿ, 5 ಮೀಟರಿಗೆ ಇಳಿಸಿದ್ದರು, ಅಷ್ಟೇ.

ಕಾಗದ ತೆಗೆದು ಲೆಕ್ಕ ಹಾಕಿದೆವು. ಒಂದೇ ಸಮ ಇಳಿಯುವ ನೆಲ. 30 ಮೀಟರಿನ ಒಂದು ಸೆಲ್ಲಿಗೂ ಪಕ್ಕದ್ದಕ್ಕೂ 6 ಮೀಟರ್ ವ್ಯತ್ಯಾಸ. ಇಳಿಜಾರು ಶೇ. 20. ಈಗ ಒಂದೊಂದು ಸೆಲ್ಲೂ 5 ಮೀಟರಿನ ಆರು ಸಾಲಾಯಿತು. ಇಳಿಜಾರು ಲೆಕ್ಕ ಹಾಕುವಾಗ ಸಾಫ್ಟ್‌ವೇರ್ ಸುತ್ತಲಿನ ಎಂಟು ಸೆಲ್ ನೋಡುತ್ತದೆ. ಒಳಗಿನ ನಾಲ್ಕು ಸಾಲಿನಲ್ಲಿ ಅಕ್ಕಪಕ್ಕವೆಲ್ಲ ಒಂದೇ ಎತ್ತರ, ಇಳಿಜಾರು ಸೊನ್ನೆ. ಅಂಚಿನ ಎರಡು ಸಾಲಿನಲ್ಲಿ ಆಚೆ ಈಚೆಯ ಸೆಲ್ಲುಗಳ ನಡುವಿನ 10 ಮೀಟರ್ ದೂರಕ್ಕೇ 6 ಮೀಟರ್ ಜಿಗಿತ, ಅಂದರೆ ಶೇ. 60. ಸರಾಸರಿ ತೆಗೆದರೆ ಮತ್ತೆ 20ಕ್ಕೇ ಬರುತ್ತದೆ. ಆದರೆ ನಕ್ಷೆಯಲ್ಲಿ ನೆಲ ಮೆಟ್ಟಿಲಾಗಿಬಿಟ್ಟಿದೆ.

ಸುತ್ತಲಿನ ಸೆಲ್ಲುಗಳ ನಡುವಿನ ಎತ್ತರ ತೆಗೆದುಕೊಳ್ಳುವ ಬೈಲಿನಿಯರ್ ವಿಧಾನ ಬಳಸಿದರೆ ಈ ಮೆಟ್ಟಿಲು ಹೋಗುತ್ತದೆ, ನಿಜ. ಆದರೆ ನಕ್ಷೆ ನುಣುಪಾಗಿ ಕಾಣುವುದರಿಂದ ನಂಬಿಕೆ ಇನ್ನೂ ಜಾಸ್ತಿಯಾಗುತ್ತದೆ. ನನಗೆ ಭಯ ಅದರದ್ದೇ.

ರೀಸ್ಯಾಂಪಲ್ ಮಾಡಲೇಬಾರದು ಅನ್ನುತ್ತಿಲ್ಲ. ಎರಡು ಲೇಯರ್ (ನಕ್ಷೆಯ ಪದರ) ಹೊಂದಿಸುವಾಗ, ಪ್ರೊಜೆಕ್ಷನ್ (ದುಂಡು ಭೂಮಿಯನ್ನು ಚಪ್ಪಟೆ ನಕ್ಷೆಗೆ ತರುವ ಕ್ರಮ) ಬದಲಿಸುವಾಗ ಬೇಕೇ ಬೇಕು. ಎತ್ತರಕ್ಕೆ ಸಾಮಾನ್ಯವಾಗಿ ಬೈಲಿನಿಯರ್ ಸರಿ. ಭೂಬಳಕೆಯ ಕೋಡ್‌ಗಳಿಗೆ ಮಾತ್ರ ಅದು ಬೇಡ. 2 ಕಾಡು, 4 ನೀರು ಅಂತಿದ್ದರೆ ನಡುವೆ 3 ಹುಟ್ಟುತ್ತದೆ, ಅದು ಹೊಲ ಆಗಿರಬಹುದು.

ಆ ಎಂಜಿನಿಯರ್ ಮೂಲ 30 ಮೀಟರಿನಲ್ಲೇ ಮತ್ತೆ ಲೆಕ್ಕ ಹಾಕಿದರು. ಬಲೆ ಮಾಯವಾಯಿತು. ಎರಡು ಮೀಟರ್ ಅಗಲದ ಕಾಲುವೆಗೆ ಅದೂ ಸಾಲದು ಎಂದು ಗೊತ್ತಾದ ಮೇಲೆ, ಆ ಜಾಗಕ್ಕೇ ಹೋಗಿ ಲೆವೆಲ್ ಸರ್ವೆ (ಉಪಕರಣದಿಂದ ನೆಲದ ಎತ್ತರ ಅಳೆಯುವುದು) ಮಾಡಿಸಿದರು.