ಇಂಪ್ಯಾಕ್ಟ್ ಅಂದರೆ ಪೆಟ್ಟು, ಸರಿ. ಯಾವ ಕಡೆಯಿಂದ?

"ಮನೇಲಿ ಇಂಪ್ಯಾಕ್ಟ್ ಡ್ರಿಲ್ ಇದೆಯಲ್ಲ, ಕಾರಿನ ಚಕ್ರದ ನಟ್ ಬಿಚ್ಚೋಕೆ ಅದೇ ಸಾಕು ಬಿಡಿ."

ಕಳೆದ ವಾರ ಈ ಮಾತನ್ನು ಮತ್ತೆ ಕೇಳಿದೆ. ಈ ಸಲ ಹೇಳಿದ್ದು ಪಕ್ಕದ ಮನೆಯವರು. ಅದಕ್ಕೆ ಮುಂಚೆ ನಮ್ಮ ಭಾವ ಹೇಳಿದ್ದರು. ಹೇಳಿ ಸುಮ್ಮನಾಗಲಿಲ್ಲ. ಅಂಗಡಿಗೆ ಹೋಗಿ "ಒಂದು ಇಂಪ್ಯಾಕ್ಟ್ ಕೊಡಿ" ಅಂದರು, ಕೊಟ್ಟ ಡ್ರಿಲ್ಲನ್ನು ಮನೆಗೆ ತಂದರು, ಅದಕ್ಕೊಂದು ಸಾಕೆಟ್ (ನಟ್ಟಿನ ಮೇಲೆ ಕೂರುವ ಬಟ್ಟಲು) ಸಿಕ್ಕಿಸಿ ನಟ್ಟಿಗೆ ಇಟ್ಟು ಗುಂಡಿ ಒತ್ತಿದರು. ನಟ್ ಅಲ್ಲಾಡಲಿಲ್ಲ. ಡ್ರಿಲ್ಲೇ ಗಿರ್ ಅಂತ ತಿರುಗಿ ಅವರ ಮಣಿಕಟ್ಟು ಉಳುಕಿತು. ಹದಿನೈದು ದಿನ ಕೈಗೆ ಪಟ್ಟಿ. ಬೇಕಿದ್ದದ್ದು ಇಂಪ್ಯಾಕ್ಟ್ ರೆಂಚ್, ತಂದದ್ದು ಇಂಪ್ಯಾಕ್ಟ್ ಡ್ರಿಲ್. ಒಂದು ಹೆಸರನ್ನು ಅರ್ಧ ಹೇಳಿದ್ದಕ್ಕೆ ಇಷ್ಟೆಲ್ಲ ಆಯಿತು.

ಇಂಪ್ಯಾಕ್ಟ್ ಅನ್ನುವುದು ಯಾವ ಉಪಕರಣದ ಹೆಸರೂ ಅಲ್ಲ. ಅದು ಉಪಕರಣದ ಗುಣ. ಲ್ಯಾಟಿನ್ನಿನ 'ಇಂಪಿಂಗೆರೆ'ಯಿಂದ ಬಂದದ್ದು. ಅದರೊಳಗೆ 'ಪಾಂಗೆರೆ' ಇದೆ, ಅಂದರೆ ನೆಡುವುದು, ಗಟ್ಟಿಯಾಗಿ ಕೂರಿಸುವುದು. ನೆಲಕ್ಕೆ ಗೂಟ ಹೊಡೆಯುವುದನ್ನು ನೆನೆಸಿಕೊಳ್ಳಿ. ಈಗ ಟಿವಿಯಲ್ಲಿ ಬಜೆಟ್ಟಿನ ಇಂಪ್ಯಾಕ್ಟ್, ಮಳೆಯ ಇಂಪ್ಯಾಕ್ಟ್ ಅಂತ ಪರಿಣಾಮದ ಅರ್ಥದಲ್ಲಿ ಬಳಸಿ ಬಳಸಿ, ಆ ಪದದೊಳಗಿನ ಪೆಟ್ಟು ನಮಗೆ ಕೇಳಿಸುವುದೇ ಇಲ್ಲ. ಉಪಕರಣದ ಹೆಸರಿನಲ್ಲಿ ಮಾತ್ರ ಹಳೆಯ ಅರ್ಥ ಹಾಗೇ ಉಳಿದಿದೆ. ಇಂಪ್ಯಾಕ್ಟ್ ಅಂದರೆ ಪೆಟ್ಟು, ಏಟು.

'ರೆಂಚ್' ಹಳೆಯ ಇಂಗ್ಲಿಷ್ ಪದ. ಅದರ ಮೂಲ ಅರ್ಥ ತಿರುಚುವುದು. ಪೆಟ್ಟು ಹೊಡೆದು ತಿರುಚುವುದು ಇಂಪ್ಯಾಕ್ಟ್ ರೆಂಚ್. ಪೆಟ್ಟು ಹೊಡೆದು ಕೊರೆಯುವುದು ಇಂಪ್ಯಾಕ್ಟ್ ಡ್ರಿಲ್. ಪೆಟ್ಟು ಎರಡರಲ್ಲೂ ಇದೆ, ಆದರೆ ಬೀಳುವ ದಿಕ್ಕು ಬೇರೆ.

ಈ ವ್ಯತ್ಯಾಸ ಕನ್ನಡಕ್ಕೆ ಹೊಸದೇನಲ್ಲ. ಬಡಗಿಯ ಉಳಿ ಗೊತ್ತಲ್ವಾ? ಅದರ ತಲೆಯ ಮೇಲೆ ಹೊಡೆಯುತ್ತೇವೆ. ಸ್ಕ್ರೂಡ್ರೈವರಿಗೆ ನಮ್ಮಲ್ಲಿ ತಿರುಪುಳಿ ಅನ್ನುವ ಪದ ಇದೆ: ತಿರುಪು ಸೇರಿದ ಉಳಿ. ನೋಡುವುದಕ್ಕೆ ಉಳಿಯ ಹಾಗೇ ಇದೆ, ಆದರೆ ಕೆಲಸ ತಿರುಪುವುದು. ತಿರುಗು, ತಿರುವು, ತಿರುಚು, ತಿರುಪು ಎಲ್ಲ ಒಂದೇ ಬಳಗ. ಈ ಪದ ಕಟ್ಟಿದವರು ಎರಡು ಕೆಲಸಗಳನ್ನು ಎಷ್ಟು ಚೆಂದ ಬೇರೆ ಮಾಡಿ ಇಟ್ಟಿದ್ದಾರೆ! ಇಂಪ್ಯಾಕ್ಟ್ ಡ್ರಿಲ್ ಉಳಿಯ ಕಡೆಯದು, ಇಂಪ್ಯಾಕ್ಟ್ ರೆಂಚ್ ತಿರುಪುಳಿಯ ಕಡೆಯದು.

ಡ್ರಿಲ್ಲಿನ ಪೆಟ್ಟು ಬಿಟ್ಟಿನ, ಅಂದರೆ ಕೊರೆಯುವ ಕಡ್ಡಿಯ, ಬೆನ್ನ ಹಿಂದಿನಿಂದ ನೇರವಾಗಿ ಗೋಡೆಯ ಕಡೆಗೆ ಹೋಗುತ್ತದೆ. ಬಿಟ್ ತಿರುಗುತ್ತಾ ಇರುವಾಗಲೇ ಅದು ಕಾಂಕ್ರೀಟನ್ನು ಕುಟ್ಟಿ ಪುಡಿ ಮಾಡುತ್ತದೆ. ಆ ಪೆಟ್ಟು ನಟ್ಟನ್ನು ಚಕ್ರದ ಒಳಕ್ಕೆ ಕುಟ್ಟಬಹುದೇ ಹೊರತು ತಿರುಗಿಸುವುದಿಲ್ಲ. ತಿರುಗಿಸಬೇಕಾದದ್ದು ಮೋಟರಿನ ಬರೀ ಬಲ. ನಟ್ ಗಟ್ಟಿಯಾಗಿ ನಿಂತರೆ ಅದೇ ಬಲ ಹಿಂದಕ್ಕೆ ಬಂದು ಕೈಯನ್ನು ತಿರುಚುತ್ತದೆ. ಭಾವನಿಗೆ ಆದದ್ದು ಇದೇ.

ರೆಂಚಿನೊಳಗೆ ನಡೆಯುವುದನ್ನು ನೀವು ಗ್ಯಾರೇಜಿನಲ್ಲಿ ಕಣ್ಣಾರೆ ನೋಡಿರುತ್ತೀರಿ. ತುಕ್ಕು ಹಿಡಿದ ನಟ್ಟಿಗೆ ಮೆಕ್ಯಾನಿಕ್ ಪಾನಾ ಸಿಕ್ಕಿಸುತ್ತಾನೆ. ಎಳೆದರೆ ಬರುವುದಿಲ್ಲ. ಆಗ ಸುತ್ತಿಗೆ ತೆಗೆದು ಪಾನಾದ ತುದಿಗೆ ಟಣ್ ಟಣ್ ಅಂತ ಪಕ್ಕದಿಂದ ಹೊಡೆಯುತ್ತಾನೆ. ಇಂಪ್ಯಾಕ್ಟ್ ರೆಂಚ್ ಅಂದರೆ ಅದೇ ಸುತ್ತಿಗೆ, ಅದೇ ಪಾನಾ, ಎರಡನ್ನೂ ಒಂದು ಡಬ್ಬಿಯೊಳಗೆ ಇಟ್ಟ ಹಾಗೆ. ಒಳಗಿನ ಭಾರದ ಲೋಹದ ತುಂಡು ಗಿರಗಿರ ತಿರುಗಿ ವೇಗ ಕೂಡಿಸಿಕೊಂಡು, ಸಾಕೆಟ್ ಹಿಡಿದಿರುವ ದಂಡದ ಕಿವಿಗೆ ಅಡ್ಡಲಾಗಿ ಬಡಿಯುತ್ತದೆ. ಜಾರಿ ಬಂದು ಮತ್ತೆ ಬಡಿಯುತ್ತದೆ. ನಿಮಿಷಕ್ಕೆ ಸಾವಿರಾರು ಸಲ. ಒಂದೊಂದು ಪೆಟ್ಟೂ ಕಣ್ಣು ಮಿಟುಕಿಸುವಷ್ಟು ಹೊತ್ತೂ ಇರುವುದಿಲ್ಲ. ಹಾಗಾಗಿ ನಟ್ಟಿಗೆ ಭಾರಿ ಬಲ ಸಿಕ್ಕರೂ ನಿಮ್ಮ ಕೈಗೆ ನಡುಕ ಮಾತ್ರ ಗೊತ್ತಾಗುತ್ತದೆ. ಪಂಕ್ಚರ್ ಅಂಗಡಿಯ ಹುಡುಗ ಗನ್ನನ್ನು (ಇಂಪ್ಯಾಕ್ಟ್ ರೆಂಚಿಗೆ ಅಲ್ಲಿನ ಹೆಸರು) ಒಂದೇ ಕೈಯಲ್ಲಿ ಹಿಡಿದು ಚಕ್ರ ಬಿಚ್ಚುವುದು ಇದರಿಂದಲೇ.

ನಡುವೆ ಇಂಪ್ಯಾಕ್ಟ್ ಡ್ರೈವರ್ ಅಂತ ಇನ್ನೊಂದಿದೆ. ಪೆಟ್ಟಿನ ದಿಕ್ಕು ರೆಂಚಿನದ್ದೇ, ಆದರೆ ಮೂತಿ ಕಾಲು ಇಂಚಿನ ಆರು ಮೂಲೆಯ ತೂತು. ಸ್ಕ್ರೂ ಹಾಕುವುದಕ್ಕೆ ಮಾಡಿದ್ದು. ಟಾರ್ಕ್ ರೆಂಚ್ ಅನ್ನುವುದಂತೂ ಪೂರ್ತಿ ಬೇರೆ, ಅದು ಎಷ್ಟು ಬಿಗಿಯಾಯಿತು ಅಂತ ಅಳೆಯುವ ಕೈ ಉಪಕರಣ. ಅದನ್ನೂ ಇಂಪ್ಯಾಕ್ಟ್ ರೆಂಚನ್ನೂ ಒಂದೇ ಅಂತ ಬರೆಯುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ತಕ್ಕಡಿಯನ್ನೂ ಸುತ್ತಿಗೆಯನ್ನೂ ಒಂದೇ ಹೆಸರಿನಿಂದ ಕರೆಯುತ್ತೇವಾ?

ಟಾರ್ಕ್ ಅಂದರೆ ತಿರುಗಿಸುವ ಬಲದ ಅಳತೆ. ಅದೂ ತಿರುಚುವ ಪದವೇ, ಲ್ಯಾಟಿನ್ 'ಟಾರ್ಕ್ವೇರೆ'ಯಿಂದ ಬಂದದ್ದು. ಲೆಕ್ಕ ಸುಲಭ: ಎಷ್ಟು ಬಲ, ಎಷ್ಟು ಉದ್ದದ ಹಿಡಿಯ ಮೇಲೆ. 60 ಕೆಜಿ ತೂಕದವರು 30 ಸೆಂಟಿಮೀಟರ್ ಪಾನಾದ ತುದಿಯ ಮೇಲೆ ನಿಂತರೆ ಸುಮಾರು 175 ನ್ಯೂಟನ್ ಮೀಟರ್. ಸಣ್ಣ ಕಾರುಗಳ ಚಕ್ರದ ನಟ್ಟಿಗೆ ಕಂಪನಿಯವರು ಹೇಳುವ ಬಿಗಿ ಹೆಚ್ಚುಕಡಿಮೆ 85ರಿಂದ 120. ನಿಮ್ಮ ಕಾರಿನದ್ದು ಅದರ ಜೊತೆ ಬಂದ ಪುಸ್ತಕದಲ್ಲಿದೆ. ಪಂಕ್ಚರ್ ಅಂಗಡಿಯಲ್ಲಿ ಗನ್ ಹಾಕಿ ಜಾಸ್ತಿ ಬಿಗಿದಿರುತ್ತಾರೆ, ಮೇಲೆ ಮಳೆಗಾಲದ ತುಕ್ಕು. ಅದನ್ನೆಲ್ಲ ಸೇರಿಸಿಕೊಂಡರೂ ಮನೆ ಬಳಕೆಗೆ ನಿಜವಾದ 250ರಿಂದ 350 ಸಾಕು.

ನಿಜವಾದ ಅಂದೆ. ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾಗಿರುವುದು ಸಾಮಾನ್ಯವಾಗಿ ಬಿಚ್ಚುವ ಟಾರ್ಕ್. ಬಿಗಿಯುವ ಟಾರ್ಕ್ ಅದಕ್ಕಿಂತ ಕಡಿಮೆ ಇರುತ್ತದೆ. ಎರಡನ್ನೂ ಬೇರೆ ಬೇರೆ ಬರೆದವರನ್ನು ನಾನು ನಂಬುತ್ತೇನೆ. ಹೆಸರಿಲ್ಲದ ಡಬ್ಬಿಯ ಮೇಲೆ ಅಗ್ಗದ ಬೆಲೆಗೆ ಸಾವಿರ ಅಂತ ಬರೆದಿದ್ದರೆ ನಂಬುವುದಿಲ್ಲ. ಬ್ಯಾಟರಿಯಲ್ಲಿ ನಡೆಯುವ ರೆಂಚುಗಳ ವೋಲ್ಟಿನದ್ದೂ ಇದೇ ಕಥೆ. '88 ವಿಎಫ್' ಅಂತ ಕಂಡರೆ 88 ವೋಲ್ಟ್ ಅಂದುಕೊಳ್ಳಬೇಡಿ. ಇಂಥವುಗಳಲ್ಲಿ ಸಾಮಾನ್ಯವಾಗಿ ಐದು ಸೆಲ್ಲುಗಳ ಸಾಲು ಇರುತ್ತದೆ. ಒಂದೊಂದು 3.6 ವೋಲ್ಟ್, ಒಟ್ಟು 18. ಪೂರ್ತಿ ಚಾರ್ಜ್ ಆದಾಗ 4.2ರಂತೆ 21. ಅಂದರೆ 18, 20, 21 ವೋಲ್ಟ್ ಅಂತ ಮಾರುವ ಮೂರೂ ಒಳಗೆ ಒಂದೇ.

ದುಡ್ಡಿನ ಕೈ ಬಿಗಿಯಾಗಿದ್ದು, ಕಾರು ಯಾವಾಗಲೂ ಮನೆಯ ಮುಂದೆಯೇ ನಿಲ್ಲುತ್ತದೆ ಅಂದರೆ ಪ್ಲಗ್ಗಿಗೆ ಹಾಕುವ ವೈರಿನ ರೆಂಚನ್ನು ತಗೊಳ್ಳಿ. ಒಂದೇ ಬೆಲೆಗೆ ಅದರಲ್ಲಿ ಬಲ ಜಾಸ್ತಿ, ನಾಲ್ಕು ವರ್ಷಕ್ಕೆ ಬ್ಯಾಟರಿ ಸತ್ತಿತು ಅನ್ನುವ ಚಿಂತೆ ಇಲ್ಲ. ಶಿರಾಡಿ ಘಾಟಿಯಲ್ಲಿ ಟೈರ್ ಹೋದರೆ ಪ್ಲಗ್ ಸಿಗುವುದಿಲ್ಲ, ನಿಜ. ಅದಕ್ಕೆ ಬ್ಯಾಟರಿಯದ್ದೇ ಬೇಕು. ಕಾರಿನ ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸಿ ನಡೆಸುವ ರೆಂಚನ್ನು ಮಾತ್ರ ಬಿಡಿ. ಅಲ್ಲಿ ಸಾಮಾನ್ಯವಾಗಿ 15 ಆಂಪಿಯರಿನ ಫ್ಯೂಸ್ ಇರುತ್ತದೆ. 12 ವೋಲ್ಟಿಗೆ ಅದು 180 ವ್ಯಾಟ್. ಹಟ ಹಿಡಿದ ನಟ್ಟಿಗೆ ಅದು ಸಾಲದು. ಬೈಕಿನ ಎಂಜಿನ್ನಿನ ಸಣ್ಣ ಬೋಲ್ಟುಗಳ ಹತ್ತಿರ ಯಾವ ಇಂಪ್ಯಾಕ್ಟ್ ರೆಂಚನ್ನೂ ತರಬೇಡಿ. ಅವಕ್ಕೆ ಬೇಕಾದದ್ದು 10 ನ್ಯೂಟನ್ ಮೀಟರ್ ಆಸುಪಾಸು, ಒಂದು ಸೆಕೆಂಡಿನಲ್ಲಿ ಮುರಿಯುತ್ತವೆ.

ಅಂಗಡಿಯಲ್ಲಿ "ಇಂಪ್ಯಾಕ್ಟ್ ಕೊಡಿ" ಅಂತ ಮಾತ್ರ ಕೇಳಬೇಡಿ. "ಅರ್ಧ ಇಂಚಿನ ಚೌಕ ಮೂತಿಯ ಇಂಪ್ಯಾಕ್ಟ್ ರೆಂಚ್" ಅಂತ ಪೂರ್ತಿ ಹೇಳಿ. ಮೂತಿ ನೋಡಿದರೆ ಸಾಕು, ಮೋಸ ಹೋಗುವುದಿಲ್ಲ. ಬಿಟ್ ಕಚ್ಚಿ ಹಿಡಿಯುವ ಮೂರು ಹಲ್ಲು ಕಂಡರೆ ಅದು ಡ್ರಿಲ್, ವಾಪಸ್ ಕೊಡಿ. ಜೊತೆಗೆ ಕಪ್ಪು ಬಣ್ಣದ, ದಪ್ಪ ಗೋಡೆಯ ಇಂಪ್ಯಾಕ್ಟ್ ಸಾಕೆಟ್ಟನ್ನೇ ಕೇಳಿ. ಇಲ್ಲೂ ಅದೇ ಪದ, ಅದೇ ಪೆಟ್ಟು: ಹೊಳೆಯುವ ಮಾಮೂಲಿ ಸಾಕೆಟ್ ಕೈ ಎಳೆತಕ್ಕೆ ಮಾಡಿದ್ದು, ಪೆಟ್ಟಿಗೆ ಸೀಳಿ ಸಿಡಿಯಬಹುದು. ಮಾರುತಿಯ ಬಹುತೇಕ ಕಾರುಗಳಿಗೆ 19 ಮಿಲಿಮೀಟರ್, ಹುಂಡೈಗೆ 21. ನಟ್ ವಾಪಸ್ ಹಾಕುವಾಗ ಮೊದಲ ನಾಲ್ಕೈದು ಸುತ್ತು ಬೆರಳಲ್ಲೇ ತಿರುಗಿಸಿ, ಗನ್ನಿನಿಂದ ಲಘುವಾಗಿ ಕೂರಿಸಿ, ಕೊನೆಯ ಬಿಗಿಯನ್ನು ಕೈ ಪಾನಾದಲ್ಲೋ ಟಾರ್ಕ್ ರೆಂಚಿನಲ್ಲೋ ಎದುರುಬದುರು ನಟ್ಟುಗಳಿಗೆ ಕೊಡುತ್ತಾ ಬನ್ನಿ.